ಕ್ಯಾಂಪರ್ ವ್ಯಾನ್ ಎಷ್ಟು ಉದ್ದ ಇರಬೇಕು? ನಮ್ಮ ಕಡಿ ಓಡಿಸಿದೋರು ಹೇಳ್ರಿ

ಕೇಳಿದವರು, ಕಲಬುರಗಿ

ನಮಸ್ಕಾರ್ರೀ. ಹೋದ ವರ್ಷ ಮಾಸ್ತರಕಿಯಿಂದ ನಿವೃತ್ತಿ ಆದೆ. ಮನ್ಯಾಗ ನಾವಿಬ್ಬರೇ, ರಜಾದಾಗ ಮೊಮ್ಮಗಳು ಬರ್ತಾಳ. ಹಳೇದೊಂದು ಗಾಡಿ ತಗೊಂಡು, ಒಳಗ ಹಾಸಿಗಿ, ಒಲಿ ಹಾಕಿಸಿ ಊರೂರು ತಿರುಗಬೇಕಂತ ಭಾಳ ದಿನದ ಆಸೆ. ಮೊದಲ ಗಾಣಗಾಪುರ, ಬಸವಕಲ್ಯಾಣ, ಸನ್ನತಿ. ಕೈ ಕುದುರಿದ ಮ್ಯಾಲ ಪಂಢರಪುರ, ಹಂಪಿ. ಮೂರು ಗಾಡಿ ನೋಡಿ ಬಂದೀನಿ: 3350ರ ಟೆಂಪೋ ಟ್ರಾವೆಲರ್, 4020ರದೊಂದು, ಇನ್ನೊಂದು ಟಾಟಾ ವಿಂಗರ್. ದಲಾಲಿ ಅಂತಾನ, "ದೊಡ್ಡದೇ ತಗೋರಿ ಸರ್, ಆಮ್ಯಾಲ ಸಣ್ಣದಾತು ಅಂತ ಅಳಬ್ಯಾಡ್ರಿ." ಮಗ ಅಂತಾನ, "ಓಣ್ಯಾಗ ಎಲ್ಲಿ ನಿಂದ್ರಸ್ತೀ ಅಪ್ಪಾ?" ಇಬ್ಬರ ಮಾತೂ ಖರೇ ಅನಸ್ತದ. ಅದಕ್ಕ ಕೇಳ್ಲಿಕತ್ತೀನಿ.

ಬೀದರ್‌ನಿಂದ, 4020 ಇಟ್ಟುಕೊಂಡವರು

ಸರ್, ಮೂರು ವರ್ಷದಿಂದ ನನ್ನ ಹತ್ತಿರ 4020 ಇದೆ. ಆ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಅದು ಗಾಡಿಯ ಉದ್ದ ಅಲ್ಲ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಗಿರುವ ಅಂತರ, ಮಿಲಿಮೀಟರ್ ಲೆಕ್ಕದಲ್ಲಿ. ಮೂತಿಯಿಂದ ಬಾಲದವರೆಗೆ ಅಳೆದರೆ ಹೆಚ್ಚುಕಡಿಮೆ 7 ಮೀಟರ್, ಅಂದರೆ 23 ಅಡಿ. ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದರೆ ಇದಕ್ಕಿಂತ ಸುಖದ ಗಾಡಿ ಇಲ್ಲ. ಒಳಗೆ ಎದ್ದು ಓಡಾಡಬಹುದು, ನಾಲ್ಕು ಜನ ಮಲಗಬಹುದು.

ಊರೊಳಗೆ ಮಾತ್ರ ಮೊದಲ ತಿಂಗಳೇ ಪೆಟ್ಟು ತಿಂದೆ. ನೆಂಟರಿಗೆ ಗಾಡಿ ತೋರಿಸುವ ಹುಕಿಯಲ್ಲಿ ಹಳೇ ಊರಿಗೆ ನುಗ್ಗಿಸಿದೆ. ಚೌಬಾರದವರೆಗೆ ಸಲೀಸು. ಅಲ್ಲಿಂದ ಒಂದು ಓಣಿ ಹಿಡಿದು, ಕೊನೆಯ ಎಡ ತಿರುವಿನಲ್ಲಿ ಮೂತಿ ದಾಟಿತು, ಹೊಟ್ಟೆ ದಾಟಲಿಲ್ಲ. ಹಿಂದಿನ ಎಡ ಗಾಲಿ ಚರಂಡಿ ಮುಚ್ಚಿದ ಫರಸಿ ಕಲ್ಲು ಹತ್ತಿ ಕೂತಿತು. ಕಲ್ಲು ಕಟಕಟ ಅಂತಿದೆ, ಹಿಂದೆ ಆರು ಆಟೋ, ಒಂದು ನೀರಿನ ಟ್ಯಾಂಕರ್, ಎಲ್ಲರದೂ ಹಾರ್ನ್. ಬಿದ್ರಿ ಅಂಗಡಿಯ ಮುದುಕರೊಬ್ಬರು ಕೈಯ ಕೆಲಸ ಬಿಟ್ಟು ಎದ್ದು ಬಂದರು. "ಆಹಿಸ್ತಾ, ಆಹಿಸ್ತಾ" ಅಂತ ಕೈಸನ್ನೆ ಮಾಡುತ್ತ ಇಂಚಿಂಚು ಹಿಂದೆ ಸರಿಸಿಕೊಟ್ಟರು. ನಲವತ್ತು ನಿಮಿಷ ಹಿಡಿಯಿತು. ಕೋಟೆಯ ಶರ್ಜಾ ದರವಾಜೆ, ಗುಂಬದ್ ದರವಾಜೆಗಳ ನಡುವಿನ ದಾರಿಯನ್ನು ಶತ್ರುಗಳು ನೇರ ನುಗ್ಗಬಾರದು ಅಂತ ಬೇಕಂತಲೇ ಸೊಟ್ಟ ಕಟ್ಟಿದ್ದಾರೆ. ಆನೆ ಕುದುರೆಗೆ ಅಂತ ಮಾಡಿದ್ದು, ಇವತ್ತು ನಮ್ಮಂಥವರಿಗೂ ಕೆಲಸ ಮಾಡುತ್ತದೆ.

ಈಗ ನನ್ನ ಪದ್ಧತಿ ಹೀಗಿದೆ. ಗಾಡಿ ಗುರುದ್ವಾರ ನಾನಕ್ ಝೀರಾ ಸಾಹೇಬದ ಕಡೆ, ಬಸ್ಸು ನಿಲ್ಲುವ ಜಾಗದಲ್ಲಿ ಕೇಳಿಕೊಂಡು ಹಚ್ಚುತ್ತೇನೆ. ಲಂಗರ್‌ನಲ್ಲಿ ಊಟ. ಅಲ್ಲಿಂದ ಕೋಟೆಗೆ, ಮಹಮೂದ್ ಗವಾನ್ ಮದರಸಾಕ್ಕೆ ಆಟೋ. ಅಷ್ಟೂರಿನ ಗುಂಬಜಗಳ ಹತ್ತಿರ ಬಯಲಿದೆ, ಅಲ್ಲಿ ಚಿಂತೆಯಿಲ್ಲ. ಅಂದರೆ ಉದ್ದ ಗಾಡಿ ಇಟ್ಟವನು ಪ್ರತಿ ಊರಲ್ಲೂ ಆಟೋ ದುಡ್ಡು ತೆಗೆದಿಡಬೇಕು. ಅದಕ್ಕೆ ತಯಾರಿದ್ದರೆ ದೊಡ್ಡದು ತಗೊಳ್ಳಿ.

ಶಹಾಪುರ, ಯಾದಗಿರಿ ಜಿಲ್ಲಾ

ನಂದು ವಿಂಗರ್, ಸುಮಾರು ಐದೂವರೆ ಮೀಟರ್. ಸಂತಿ ದಿನಾನೂ ಊರೊಳಗ ಹಾಯ್ಸೀನಿ, ತ್ರಾಸಿಲ್ಲ. ಆದ್ರ ಮಾಸ್ತರ್ರ, ನಮ್ಮ ಕಡಿ ಉದ್ದಕ್ಕಿಂತ ಮಣ್ಣು ದೊಡ್ಡ ಮಾತು. ಶ್ರಾವಣದಾಗ ಸನ್ನತಿ ಚಂದ್ರಲಾಂಬಾ ತಾಯಿ ದರ್ಶನಕ್ಕ ಹೋಗಿದ್ವಿ. ಹೊಳಿ ಕಾಣೋ ಹಂಗ ರಾತ್ರಿ ಇರಮು ಅಂತ ಡಾಂಬರ್ ಬಿಟ್ಟು ಬರೀ ಎರಡು ಗಾಡಿ ಉದ್ದ ಎರಿ ಹೊಲಕ್ಕ, ಅಂದ್ರ ಕರಿ ಮಣ್ಣಿನ ಹೊಲಕ್ಕ ಇಳಿಸಿದೆ. ಹಗಲು ಗಟ್ಟಿ ಇತ್ತು. ರಾತ್ರಿ ಒಂದು ಹದ ಮಳಿ ಬಿತ್ತು. ಮುಂಜಾನಿ ನೋಡಿದ್ರ ಗಾಲಿ ಅನ್ನೋದು ಗಾಲಿ ಆಗಿ ಉಳಿದಿಲ್ಲ, ಮಣ್ಣಿನ ರೊಟ್ಟಿ ಆಗ್ಯಾವ. ವಿಂಗರ್‌ಗೆ ಮುಂದಿನ ಗಾಲಿ ಎಳೀತಾವ. ನಾ ಹಾಸಿಗಿ, ನೀರಿನ ಟಾಕಿ, ಬ್ಯಾಟರಿ ಎಲ್ಲಾ ಹಿಂದ ಹೇರೀನಿ. ಮುಂದ ಭಾರ ಇಲ್ಲದ ಗಾಲಿ ಸುಮ್ನ ಗಿರಗಿರ ತಿರಗತಾವ. ಟ್ರ್ಯಾಕ್ಟರ್ ಬಂದು ಎಳೀತು. ರೊಕ್ಕ ತಗೊಳ್ಳಿಲ್ಲ ಪುಣ್ಯಾತ್ಮ, ಚಾ ಕುಡದು ಹೋದ.

100 ಲೀಟರ್ ನೀರು ಅಂದ್ರ 100 ಕಿಲೋ. ಅದನ್ನ ಹಿಂದಿನ ಅಚ್ಚಿನ ಆಚೆ ಇಡಬ್ಯಾಡ್ರಿ. ಟ್ರಾವೆಲರ್‌ಗೆ ಹಿಂದಿನ ಗಾಲಿ ಎಳೀತಾವ, ಆ ಲೆಕ್ಕದಾಗ ಅದು ಸ್ವಲ್ಪ ಪಾಡ. ಆದ್ರೂ ಎರಿಗೆ ಇಳಿಸ್ಲೇಬ್ಯಾಡ್ರಿ, ಮಳಿಗಾಲದಾಗ ಅಂತೂ ಬ್ಯಾಡೇ ಬ್ಯಾಡ.

ಯಾದಗಿರಿ, ಅತ್ತೆ ಜೊತೆ ತಿರುಗುವ ಸೊಸೆ

ಸಣ್ಣದೇ ಸಾಕು ಅನ್ನೋರೆಲ್ಲಾ ಗಂಡಸ್ರೇ ಇದ್ದೀರಿ, ಅದಕ್ಕ ನಾ ಬರೀಲಿಕತ್ತೀನಿ. ಮಾಸ್ತರ ಕಾಕಾ, ಕಾಕುನ್ನ ಕೇಳೀರೇನು? ನಮ್ಮ ಅತ್ತಿಗೆ ಮೊಣಕಾಲು ನೋವು. ರಾತ್ರಿ ಎರಡು ಸಲ ಏಳ್ತಾರ. ಮೊದಲ ಒಂದು ಮಾರುತಿ ಈಕೋ ಮಾಡಿಸಿದ್ವಿ. 3.67 ಮೀಟರ್, ಬೈಕ್ ನಿಂದ್ರೋ ಜಾಗದಾಗ ನಿಂದರ್ತದ, ಯಾವ ಓಣ್ಯಾಗೂ ಹೋಗ್ತದ. ಆದ್ರ ಅದರಾಗ ಕೂಡಬಹುದು, ಮಲಗಬಹುದು, ನಿಂದರ್ಲಿಕ್ಕೆ ಬರಂಗಿಲ್ಲ. ಮೈಲಾಪುರ ಜಾತ್ರಿಗೆ ಸಂಕ್ರಾಂತಿ ದಿನ ಹೋದಾಗ, ಆ ಗದ್ದಲದಾಗ ಅತ್ತಿ ಮುಂಜಾನಿಂದ ನೀರೇ ಕುಡೀಲಿಲ್ಲ. ಯಾಕಂತ ಸಂಜಿಗೆ ತಿಳೀತು. ನನಗ ಕಣ್ಣಾಗ ನೀರು ಬಂತು.

ಆಮ್ಯಾಲ ಈಕೋ ಕೊಟ್ಟು 3350 ತಗೊಂಡ್ವಿ. ಸಣ್ಣ ಪಾಯಖಾನಿ ಖೋಲಿಗೆ ಎರಡೂವರಿ ಅಡಿ ಹೋಗ್ತದ, ಒಲಿ ಕಟ್ಟಿಗೆ ಮೂರು ಅಡಿ, ಹಾಸಿಗಿ ಆರು ಅಡಿ. ಡ್ರೈವರ್ ಸೀಟಿನ ಹಿಂದಿನ ಜಾಗ ಅಷ್ಟಕ್ಕ ಸರಿಹೋಗ್ತದ. ಖೋಲಿ ಬ್ಯಾಡಂದ್ರ ಹಾಸಿಗಿ ಕೆಳಗ ಸರಿಸೋ ಡಬ್ಬಿ ಪಾಯಖಾನಿ ಸಿಗ್ತಾವ, ಪರದೆ ಕಟ್ಟಿದ್ರಾತು. ಅದು ಇಲ್ಲದ ಗಾಡಿ ಎಷ್ಟೇ ಚಂದ ಇರಲಿ, ಹೆಣ್ಮಕ್ಕಳಿಗೆ ಅದು ಪ್ರವಾಸ ಅಲ್ರಿ, ಉಪವಾಸ.

ಕಲಬುರಗಿ, ಬಾಡಿ ಕಟ್ಟುವ ಗ್ಯಾರೇಜಿನಲ್ಲಿ 20 ವರ್ಷ

ತಂಗಿ ಹೇಳಿದ್ದು ಸರಿ. ನಾ ನನ್ನ ಕೆಲಸದ ಮಾತು ಹೇಳ್ತೀನಿ. ಜನ ವಿಡಿಯೋ ನೋಡಿ ಬರ್ತಾರ, ಹಾಸಿಗಿ ಅಡ್ಡ ಹಾಕ್ರಿ, ಜಾಗ ಉಳೀತದ ಅಂತಾರ. ವಿಡಿಯೋದಾಗಿನ ಗಾಡಿ ಬ್ಯಾರೆ, ನಮ್ಮ ಗಾಡಿ ಬ್ಯಾರೆ. ನಮ್ಮ ಟೆಂಪೋ ಟ್ರಾವೆಲರ್ ಒಳಗ ತಗಡಿಗೆ ಥರ್ಮಾಕೋಲು, ಪ್ಲೈ ಹೊಡದ ಮ್ಯಾಲ ಟೇಪ್ ಹಿಡದೀನಿ, ಅಡ್ಡ ಐದು ಅಡಿ ಆರು ಇಂಚು ಉಳೀತದ. ಮಾಸ್ತರ್ರ, ನಿಮ್ಮ ಎತ್ತರ ಎಷ್ಟ? ಐದು ಎಂಟು ಇದ್ರ ಹಾಸಿಗಿ ಉದ್ದಕ್ಕೇ ಬರಬೇಕು. ಉದ್ದಕ್ಕ ಬಂತಂದ್ರ ಆರು ಅಡಿ ಅಲ್ಲೇ ಹೋತು. ಗಾಡಿ ಎಷ್ಟುದ್ದ ಅಂತ ಕೇಳೋಕಿಂತ ಮೊದಲ, ಹಾಸಿಗಿ ಅಡ್ಡೋ ಉದ್ದೋ ಅಂತ ಠರಾವ್ ಮಾಡ್ಕೋರಿ. ಗಾಡಿ ಉದ್ದ ತಾನೇ ಬರ್ತದ.

ಎರಡನೇದು, ಬಾಲ. ಹಿಂದಿನ ಅಚ್ಚಿನಿಂದ ಹಿಂದಕ್ಕ ಚಾಚಿದ್ದು ಗಾಲಿ ಅಂತರದ ನೂರಕ್ಕ 60ರ ಮ್ಯಾಲ ಇರಬಾರದು ಅಂತ ಕಾನೂನೇ ಅದ. 3350ಕ್ಕ ಅಂದ್ರ 2010 ಮಿಲಿಮೀಟರ್. ಅದರ ಮ್ಯಾಲ ಗಿರಾಕಿ ಏಣಿ ಹಚ್ಚು, ಸೈಕಲ್ ಸ್ಟ್ಯಾಂಡ್ ಹಚ್ಚು ಅಂತಾನ. ಹಂಪ್ ಇಳಿಯೋವಾಗ ಅದೇ ಮೊದಲ ನೆಲ ಕೆರೀತದ. ಬಾಲ ಉದ್ದ ಇದ್ದಷ್ಟೂ ಇನ್ನೊಂದು ಆಟ ಅದ: ಗ್ವಾಡಿ ಬಾಜೂಕ ಒತ್ತಿ ನಿಂದ್ರಿಸಿ, ಹೊರಡೋವಾಗ ಸ್ಟೇರಿಂಗ್ ಪೂರಾ ಹೊರಗ ತಿರಗಿಸಿದ್ರ, ಮೂತಿ ಹೊರಗ ಹೋಗ್ತದ, ಬಾಲ ಗ್ವಾಡಿ ಕಡಿ ಬರ್ತದ. ನನ್ನ ಗ್ಯಾರೇಜಿಗೆ ಬರೋ ಹಿಂದಿನ ಮೂಲಿ ಒಡದ ಗಾಡಿ ಅರ್ಧಕ್ಕರ್ಧ ಇದೇ. ಎರಡು ಮಾರು ನೇರ ಮುಂದ ಹೋಗ್ರಿ, ಆಮ್ಯಾಲ ತಿರಗ್ರಿ.

ಇನ್ನ ಕಾಗದ. ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಮಂಜೂರಾತಿ ಇಲ್ದೆ ಗಾಡಿ ರೂಪ ಬದಲಿ ಮಾಡಂಗಿಲ್ಲ. ಆರ್‌ಟಿಓದಾಗ ಕೇಳಿ, ಆರ್‌ಸಿ ಬುಕ್ಕಿನಾಗ ಏರಿಸಿ, ಆಮ್ಯಾಲ ಸೀಟು ಬಿಚ್ಚಿಸ್ರಿ. ಮೊದಲ ಬಿಚ್ಚಿ ಆಮ್ಯಾಲ ಹೋದ್ರ ವಿಮಾದೋರು ಕೈ ಎತ್ತತಾರ. ಲೈಸೆನ್ಸಿನ ಚಿಂತಿ ಬಿಡ್ರಿ. ಒಟ್ಟು ತೂಕ 7500 ಕಿಲೋ ಒಳಗಿನದೆಲ್ಲಾ ಲಘು ವಾಹನ, ನೀವು ನೋಡಿದ ಮೂರೂ ಅದರಾಗೇ ಬರ್ತಾವ.

ಬಸವಕಲ್ಯಾಣ, ಮಗಳ ಮನೆಗೆ ಜರ್ಮನಿಗೆ ಹೋಗಿಬಂದವರು

ವಿಡಿಯೋದ ಗಾಡಿ ಬೇರೆ ಅಂದ ಮಾತು ನೂರಕ್ಕೆ ನೂರು ನಿಜ. ಅಲ್ಲಿ ಅಳಿಯ ಬಾಡಿಗೆಗೆ ತಂದಿದ್ದು ಫಿಯಾಟ್ ಡುಕಾಟೊ. ಅದು 4.96, 5.41, 5.99, 6.36 ಮೀಟರ್ ಹೀಗೆ ನಾಲ್ಕು ಉದ್ದದಲ್ಲಿ ಬರುತ್ತದೆ. ಹೆಚ್ಚು ಜನ ಹಿಡಿಯುವುದು 5.99. ಆರು ಮೀಟರ್ ಅಲ್ಲಿ ಒಂದು ಲಕ್ಷ್ಮಣರೇಖೆ, ದಾಟಿದರೆ ಎಷ್ಟೋ ಕಡೆ ನಿಲುಗಡೆ ಕಷ್ಟ, ಹಡಗಿಗೆ ಹತ್ತಿಸುವಾಗ ದರ ಜಾಸ್ತಿ. ಅದರ ಒಳಗಿನ ಅಗಲ ಹೆಚ್ಚು. ಆರಡಿಯವರೂ ಹೆಚ್ಚುಕಡಿಮೆ ಅಡ್ಡ ಮಲಗುತ್ತಾರೆ, ಅದಕ್ಕೇ ಆರು ಮೀಟರ್‌ನಲ್ಲಿ ಸಂಸಾರವೆಲ್ಲ ಹಿಡಿಸುತ್ತದೆ. ನಮ್ಮಲ್ಲಿ ಆ ಥರದ ಅಗಲ ಬೇಕಂದರೆ ಫೋರ್ಸ್ ಅರ್ಬೇನಿಯಾ ನೋಡಬೇಕು, ಅದಕ್ಕೆ ಜೇಬೂ ಅಷ್ಟೇ ಅಗಲ ಇರಬೇಕು.

ನಮ್ಮ ಕಡೆ ಗೆರೆ ಹಾಕಿದ ಕಾರಿನ ಜಾಗ ಸಾಮಾನ್ಯವಾಗಿ 5 ಮೀಟರ್ ಉದ್ದ, 2.5 ಮೀಟರ್ ಅಗಲ. ಐದೂವರೆಯ ಗಾಡಿ ಚೂರು ಮೂತಿ ಹೊರಗಿಟ್ಟು ನಿಲ್ಲುತ್ತದೆ, ಕಾವಲಿನವನು ಗೊಣಗಿ ಸುಮ್ಮನಾಗುತ್ತಾನೆ. ಏಳು ಮೀಟರಿನದು ಬಸ್ಸಿನ ಸಾಲಿಗೇ ಹೋಗಬೇಕು. ನೆಲಮಾಳಿಗೆಯ ಪಾರ್ಕಿಂಗ್ ಅಂತೂ ಎತ್ತರದಿಂದಲೇ ಮೂರೂ ಗಾಡಿಗೆ ಬಂದ್.

ಬೀದರ್‌ನಿಂದ, ಮತ್ತೆ

ಒಂದು ಬಿಟ್ಟಿದ್ದೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಉದ್ದ ಗಾಡಿ ಅಂದರೆ ಉದ್ದ ತಗಡು. ನನ್ನ ಗಾಡಿ ತಣ್ಣಗಾಗುವಷ್ಟರಲ್ಲಿ ಬೆಳಗಾಗಿರುತ್ತದೆ. ನೆರಳು ಹುಡುಕಿದರೆ ಸಿಗುವ ಬೇವಿನ ಮರ ಒಂದು ಜೀಪಿಗೆ ಸಾಕಾಗುವಷ್ಟು. ಅರ್ಧ ಗಾಡಿ ನೆರಳಲ್ಲಿ, ಅರ್ಧ ಕಾವಲಿ ಮೇಲೆ.

ಕೇಳಿದವರು, ಕಲಬುರಗಿ

ಎಲ್ಲರಿಗೂ ಶರಣು. ಎಂಟು ದಿನ ಆದ ಮ್ಯಾಲ ಬರೀಲಿಕತ್ತೀನಿ, ಯಾಕಂದ್ರ ಸುಮ್ನ ಕೂತಿಲ್ಲ.

ರವಿವಾರ ಮುಂಜಾನಿ ಹಗ್ಗ, ಟೇಪು, ಒಂದು ಬಕೀಟು ಸುಣ್ಣ ತಗೊಂಡು ಮನಿ ಮುಂದ ಇಳದೆ. 23 ಅಡಿ ಉದ್ದ, 7 ಅಡಿ ಅಗಲ ಗೆರಿ ಹೊಡದೆ. ಬಾಜೂ ಮನಿ ಗೇಟಿನ ಮುಂದ ಮೊಳ ಉದ್ದ ಹೋಗ್ತದ. ಹಾಲಿನವ ಸೈಕಲ್ ನಿಂದ್ರಿಸಿ "ಏನ್ರಿ ಸರ್, ಲಗ್ನದ ಹಂದರೇನು?" ಅಂದ. ಅಷ್ಟರಾಗ ನೀರಿನ ಟ್ಯಾಂಕರ್ ಬಂತು. ಡ್ರೈವರ್‌ಗೆ ಹೇಳಿದೆ, ತಮ್ಮಾ, ಈ ಗೆರಿ ಒಂದು ಗಾಡಿ ಅಂತ ತಿಳಿ, ಹಾಯಿ ನೋಡೋಣ. ಗೆರಿ ಮ್ಯಾಲೇ ಹಾಯ್ದ. "ನಿಮ್ಮ ಗಾಡಿ ಸತ್ತಿತು ಸರ್" ಅಂತ ನಕ್ಕ. ಅಳಸಿ 20 ಅಡಿಗೆ ಹೊಡದೆ, 3350 ಅದರೊಳಗೇ ಕೂಡ್ತದ. ಬೇವಿನ ಗಿಡದಿಂದ ಲೈಟ್ ಕಂಬದ ತನಕ ಸರಿಯಾತು, ಟ್ಯಾಂಕರೂ ಹಾಯ್ತು.

ಮರುದಿನ ಇಕಿನ್ನ ಕರಕೊಂಡು ದಲಾಲಿ ಕಡಿ ಹೋದೆ. ವಿಂಗರ್‌ದಾಗ ಹತ್ತಿ ಬಗ್ಗಿ ನಿಂತು ಇಳದಳು, ಒಂದೇ ಮಾತಿಲ್ಲ. 3350ರಾಗ ಸೀಟಿನ ನಡುವಿನ ಜಾಗದಾಗ ಚಾಪಿ ಹಾಸಿ ಕಾಲು ಚಾಚಿ ಮಲಗಿದಳು. ಎದ್ದು ಕೂತು "ಒಲಿ ಬಾಗಲ ಕಡಿ ಇರಲಿ, ಒಗ್ಗರಣಿ ಘಾಟು ಹೊರಗ ಹೋಗಬೇಕು" ಅಂದಳು. ಆಮ್ಯಾಲ ದನಿ ಸಣ್ಣ ಮಾಡಿ, ಆ ಯಾದಗಿರಿ ಹುಡುಗಿ ಹೇಳಿದ ಡಬ್ಬಿ ಎಲ್ಲಿ ಸಿಗ್ತದ ಕೇಳ್ರಿ ಅಂದಳು. ತಂಗೀ, ಎಲ್ಲಿ ತಗೊಂಡ್ರಿ ಹೇಳ್ರಿ.

ನನ್ನ ಎತ್ತರ ಐದು ಒಂಬತ್ತು. ಹಾಸಿಗಿ ಉದ್ದಕ್ಕೇ. ಗ್ಯಾರೇಜಿನ ಅಣ್ಣಾರ, ಮುಂಗಡ ಕೊಟ್ಟೀನಿ. ಶನಿವಾರ ಆರ್‌ಸಿ ಬುಕ್ ಹಿಡಕೊಂಡು ಬರ್ತೀನಿ, ಸೀಟು ಮುಟ್ಟಿಲ್ಲ.