ಗೋಂದು ಒಣಗುವುದೇ ಇಲ್ಲ, ಹಲಗೆ ಬಾಳೆಲೆಯ ಹಾಗೆ ಬಾಗಿದೆ: ಮೊದಲ ಯುದ್ಧದ ಮೇಜಿಗೆ ಸಹಾಯ ಬೇಕು

ಅಡಿಕೆ ಸಿಪಾಯಿ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ನಾನು ಈ ಆಟಕ್ಕೆ ಹೊಸಬಳು. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ, ದಾಳ ಹಾಕಿ ಆಡುವ ಯುದ್ಧದ ಆಟವನ್ನು ನಾನು, ತಮ್ಮ ಇಬ್ಬರೇ ಶುರು ಮಾಡಿದ್ದೇವೆ. ದೊಡ್ಡ ಪೆಟ್ಟಿಗೆ ತರಿಸುವಷ್ಟು ದುಡ್ಡಿಲ್ಲ. ನಿಯಮಕ್ಕೆ ವನ್ ಪೇಜ್ ರೂಲ್ಸ್‌ನ ಉಚಿತ ಪುಟಗಳು. ದಾಳ ಹಳೆ ಲೂಡೊ ಡಬ್ಬಿಯದ್ದು. ಸೈನಿಕರು 1/72 ಅಳತೆಯ ಮೆತ್ತನೆ ಪ್ಲಾಸ್ಟಿಕ್‌ನವರು, ಒಬ್ಬೊಬ್ಬ ಸುಮಾರು 25 ಮಿಲಿಮೀಟರ್ ಎತ್ತರ. ಇಷ್ಟರವರೆಗೆ ಸುಖ.

ಕಷ್ಟ ಶುರುವಾದದ್ದು ಕೋಟೆ ಮಾಡಲು ಹೊರಟ ಮೇಲೆ. ನಾವು ಕಣ್ಣಾರೆ ನೋಡಿದ ಕೋಟೆ ಬೇಕಲದ್ದು. ಹಾಗಾಗಿ ಮಧ್ಯದಲ್ಲಿ ಒಂದು ಗೋಪುರ, ಸುತ್ತ ಮುರಕಲ್ಲಿನ ಗೋಡೆ ಅಂತ ಲೆಕ್ಕ ಹಾಕಿದೆವು. 2 ಅಡಿ ಉದ್ದ, 2 ಅಡಿ ಅಗಲದ ಹಾರ್ಡ್‌ಬೋರ್ಡಿಗೆ ಫೆವಿಕಾಲ್ ಹಚ್ಚಿ ಹೊಯಿಗೆ (ಮರಳು) ಉದುರಿಸಿದೆ. ಇವತ್ತಿಗೆ 9 ದಿನ. ಕೈ ಇಟ್ಟರೆ ಇನ್ನೂ ಪಸೆ. ಹಲಗೆಯ ನಾಲ್ಕೂ ಮೂಲೆ ಮೇಲೆದ್ದು ಬಾಳೆಲೆಯ ಹಾಗೆ ಆಗಿದೆ. ಗೋಪುರಕ್ಕೆ ಮೂರು ಥರ್ಮಾಕೋಲ್ ಹಲಗೆ ಅಂಟಿಸಿದ್ದೆ. 5 ದಿನ ಬಿಟ್ಟು ಹಿಡಿದೆತ್ತಿದರೆ ಒಂದರ ಮೇಲಿಂದ ಒಂದು ಜಾರಿ ಹೋಯಿತು. ಒಳಗೆ ಗೋಂದು ಹಾಲಿನ ಹಾಗೇ ಇದೆ! ಗೋಡೆಗೆ ಸ್ಪ್ರೇ ಪೇಂಟ್ ಹೊಡೆದೆ, ಅದು ಕಣ್ಣೆದುರೇ ಕರಗಿತು. ಸೈನಿಕರ ಬಂದೂಕು ಸ್ವಲ್ಪ ಬಾಗಿದರೆ ಸಾಕು, ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಒಂದು ಕೆಲಸವೂ ಸರಿ ಬರಲಿಲ್ಲ. ಎಲ್ಲಿ ತಪ್ಪಿದೆ?

ಉಪ್ಪಳದ ರಟ್ಟು

ಸ್ಪ್ರೇ ವಿಷಯ ಮಾತ್ರ ನಾನು ಹೇಳುತ್ತೇನೆ, ಯಾಕಂದರೆ ನಾನೂ ಒಂದು ಇಡೀ ಹಳ್ಳಿ ಕರಗಿಸಿದವನು. ಡಬ್ಬಿಯ ಪೇಂಟಿನಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿನ್ನುತ್ತದೆ. ದೂರದಿಂದ ಹೊಡೆದರೂ ತಿನ್ನುತ್ತದೆ. ರಬ್ಬರ್ ಗೋಂದೂ ಹಾಗೆಯೇ, ಚಪ್ಪಲಿಗೆ ಹಚ್ಚುವುದು ಉಂಟಲ್ಲ, ಅದು. ಗೋಡೆಗೆ ಹೊಡೆದು ಉಳಿದ ಎಮಲ್ಷನ್ ಮನೆಯಲ್ಲಿದ್ದರೆ ಬ್ರಷ್‌ನಲ್ಲಿ ಅದನ್ನೇ ಹಚ್ಚಿ. ನೀರಿನ ಬಣ್ಣ, ಏನೂ ಆಗುವುದಿಲ್ಲ.

ಹೊಸೂರು ದಾಳ

ಮೇಡಂ, 9 ದಿನ ಅಂದರೆ ಜಾಸ್ತಿ ಆಯಿತು. ನಮ್ಮ ಹೊಸೂರಿನಲ್ಲಿ ರಾತ್ರಿ ಹಚ್ಚಿ ಫ್ಯಾನ್ ಹಾಕಿ ಮಲಗಿದರೆ ಬೆಳಿಗ್ಗೆಗೆ ಕಲ್ಲು. ಗೋಂದು ಹಳೆಯದಿರಬೇಕು. ಹೊಸ ಡಬ್ಬಿ ತನ್ನಿ.

ಮಂಜೇಶ್ವರದ ಮಾಷ್ಟ್ರು

ಹೊಸೂರಿನವರೇ, ನಿಮ್ಮಲ್ಲಿಯ ಗಾಳಿ ಬೇರೆ, ಆಟಿ ತಿಂಗಳ ಮಳೆಯಲ್ಲಿ ನಮ್ಮಲ್ಲಿಯ ಗಾಳಿ ಬೇರೆ. ಇಲ್ಲಿ ಒಗೆದ ಪಂಚೆಯೇ ಮೂರು ದಿನ ಒಣಗುವುದಿಲ್ಲ. ಆದರೂ 9 ದಿನಕ್ಕೆ ಒಣಗದಿರಲು ಮಳೆ ಮಾತ್ರ ಸಾಲದು. ಗೋಂದಿನ ತಪ್ಪೂ ಅಲ್ಲ ಅಂತ ನನಗೆ ಕಾಣುತ್ತದೆ.

ತಂಗೀ, ಎರಡು ಪ್ರಶ್ನೆ. ಹೊಯಿಗೆ ಎಲ್ಲಿಂದ ತಂದದ್ದು? ಹಲಗೆಯ ಹಿಂಬದಿಗೆ ಏನಾದರೂ ಹಚ್ಚಿದ್ದೀರಾ? ಉಳಿದ ಹೊಯಿಗೆ ಇದ್ದರೆ ಎರಡು ಕಣ ನಾಲಗೆಗೆ ಮುಟ್ಟಿಸಿ ನೋಡಿ. ತಮಾಷೆ ಅಲ್ಲ.

ಅಡಿಕೆ ಸಿಪಾಯಿ

ಉಪ್ಪು ಮಾಷ್ಟ್ರೇ! ಕುಂಬಳೆ ಕಡೆಯ ಕಡಲ ಬದಿಯಿಂದ ಭಾವ ಒಂದು ತೊಟ್ಟೆಯಲ್ಲಿ ತಂದುಕೊಟ್ಟದ್ದು. ನುಣ್ಣಗೆ ಚಂದ ಇತ್ತು ಅಂತ ಹಾಗೇ ಹಾಕಿದೆ. ಹಿಂಬದಿಗೆ ಏನೂ ಹಚ್ಚಿಲ್ಲ.

ಮಂಜೇಶ್ವರದ ಮಾಷ್ಟ್ರು

ಕಳ್ಳ ಸಿಕ್ಕಿದ. ಕಡಲಿನ ಉಪ್ಪಿನಲ್ಲಿ ನಾವು ಊಟಕ್ಕೆ ಹಾಕುವ ಉಪ್ಪು ಮಾತ್ರ ಇರುವುದಲ್ಲ, ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ ಗಾಳಿಯ ಪಸೆ ಕಂಡರೆ ಬಿಡಲಿಕ್ಕಾಗುವುದಿಲ್ಲ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿಯ ಅಡಿಯಲ್ಲಿ ನೀರು ನಿಲ್ಲುವುದಿಲ್ವಾ? ಅದೇ ಕಥೆ ನಿಮ್ಮ ಹಲಗೆಯ ಮೇಲೆ ನಡೆಯುತ್ತಿದೆ. ಗೋಂದು ನೀರು ಬಿಡುತ್ತದೆ, ಉಪ್ಪು ಎಳೆದುಕೊಳ್ಳುತ್ತದೆ. ಹೊಸ ಡಬ್ಬಿ ತಂದರೂ ಇದೇ ಹಣೆಬರಹ. ಬೇಸಗೆಯಲ್ಲಿ ಹೇಗೋ ಒಣಗಿತು ಅಂತ ಇಟ್ಟುಕೊಳ್ಳಿ, ಆಮೇಲೆ ಬಣ್ಣದ ಮೇಲೆ ಬಿಳಿ ಬಿಳಿ ಉಪ್ಪು ಏಳುತ್ತದೆ.

ಆ ಹೊಯಿಗೆ ಬಿಡಿ. ಕಡಲ ಬದಿಯಿಂದ ತುಂಬಿಸಿ ತರುವುದೂ ಒಳ್ಳೆಯದಲ್ಲ. ಹೇಗೂ ನಿಮ್ಮ ಗುಡ್ಡೆಯಲ್ಲೇ ಮುರಮಣ್ಣು ಉಂಟಲ್ಲ. ಬಣ್ಣ ಕೂಡ ಸಿದ್ಧವಾಗಿಯೇ ಬಂದಿರುತ್ತದೆ! ಒಂದು ಬೊಗಸೆ ತಂದು, ಚಹಾ ಸೋಸುವ ಹಳೆ ಜಾಲರಿಯಲ್ಲಿ ಜಾಲಿಸಿ, ಹಳೆ ಕಾವಲಿಯಲ್ಲಿ ಹುರಿದು ತಣಿಸಿ. ಹುರಿಯದೆ ಹಾಕಿದರೆ ಹುಲ್ಲಿನ ಬೀಜ ಮೊಳೆಯುತ್ತದೆ. ನನ್ನ ಮೊದಲ ರಣರಂಗದಲ್ಲಿ ನಿಜವಾಗಿಯೂ ಗರಿಕೆ ಹುಟ್ಟಿತ್ತು. ನೋಡಲು ಚಂದವೇ ಇತ್ತು ಅನ್ನಿ.

ಇನ್ನು ಬಾಗಿದ ಹಲಗೆ. ಗೋಂದು ಒಣಗುವಾಗ ಕುಗ್ಗುತ್ತದೆ. ಒಂದೇ ಬದಿಗೆ ಹಚ್ಚಿದರೆ ಆ ಬದಿಗೆ ಎಳೆಯುತ್ತದೆ. ಹಿಂಬದಿಗೂ ಅಷ್ಟೇ ನೀರು ಬೆರೆಸಿದ ಗೋಂದು ಹಚ್ಚಿದ್ದರೆ ಎರಡೂ ಕಡೆಯ ಎಳೆತ ಸಮ ಆಗುತ್ತಿತ್ತು. ಈಗ ಮೇಲಿನದ್ದನ್ನು ಕೆರೆದು ತೆಗೆದು, ಹಿಂಬದಿ ಒದ್ದೆ ಮಾಡಿ, ಅರೆಯುವ ಕಲ್ಲು ಹೇರಿ ನೋಡಿ. ಸರಿಯಾಗುತ್ತದೆ ಅಂತ ಮಾತು ಕೊಡಲಾರೆ.

ಗೋಪುರದ ಕಥೆ ಬೇರೆ. ಫೆವಿಕಾಲ್ ಗಟ್ಟಿಯಾಗಬೇಕಾದರೆ ಅದರ ನೀರು ಹೊರಗೆ ಹೋಗಬೇಕು. ಮರವಾದರೆ ಹೀರಿಕೊಳ್ಳುತ್ತದೆ. ಥರ್ಮಾಕೋಲ್ ಹೀರುವುದಿಲ್ಲ. ಅಂಚು ಮೊದಲು ಒಣಗಿ ಬಾಗಿಲು ಹಾಕಿದ ಹಾಗಾಗುತ್ತದೆ, ಒಳಗಿನ ನೀರು ಒಳಗೇ. ಎರಡೂ ಮುಖಕ್ಕೆ ತೆಳ್ಳಗೆ ಸವರಿ, ಬಿಳಿ ಹೋಗಿ ಅಂಟಂಟಾಗುವವರೆಗೆ ಬಿಡಿ. ಆಮೇಲೆ ಒತ್ತಿ, ಮೇಲಿನಿಂದ ನಾಲ್ಕು ಹಿಡಿಸೂಡಿ ಕಡ್ಡಿ ಚುಚ್ಚಿ. ನಿಜವಾಗಿ ಹಿಡಿದು ನಿಲ್ಲಿಸುವುದು ಆ ಕಡ್ಡಿಗಳೇ.

ಉಪ್ಪಳದ ರಟ್ಟು

ಸೈನಿಕರದ್ದು ಯಾರೂ ಹೇಳಲಿಲ್ಲ. ಅಚ್ಚಿನಿಂದ ತೆಗೆಯುವಾಗಿನ ಎಣ್ಣೆ ಮೈಮೇಲೆ ಇರುತ್ತದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೆ ಟೂತ್‌ಬ್ರಷ್ ಹಾಕಿ ಉಜ್ಜಿ, ಒಣಗಿಸಿ. ನೀರು ಬೆರೆಸಿದ ಫೆವಿಕಾಲ್‌ನ ತೆಳು ಪದರ ಮೊದಲು. ಅದರ ಮೇಲೆ ಅಕ್ರಿಲಿಕ್ ಬಣ್ಣ. ಕೊನೆಗೆ ಅಕ್ರಿಲಿಕ್ ವಾರ್ನಿಷ್, ಇಲ್ಲದಿದ್ದರೆ ಬೆವರು ಕೈಗೆ ಮತ್ತೆ ಅಂಟುತ್ತದೆ. ಗೋಂದಿನ ಪದರ ಪ್ಲಾಸ್ಟಿಕ್‌ನ ಜೊತೆ ಸ್ವಲ್ಪ ಬಾಗುತ್ತದೆ, ಹಾಗಾಗಿ ಬಣ್ಣ ಒಡೆಯುವುದು ಕಡಿಮೆ. ಕಾಲಿನ ಅಡಿಗೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಶರ್ ಅಂಟಿಸಿ, ಫ್ಯಾನ್ ಗಾಳಿಗೆ ಬೀಳುವುದಿಲ್ಲ.

ಹೊಸೂರು ದಾಳ

ಗೋಂದಿನ ಮೇಲೆ ಸುಮ್ನೆ ಅನುಮಾನ ಪಟ್ಟೆ. ಕಡಲು ನೋಡದ ಊರಿನವನ ಬುದ್ಧಿ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಮುರಕಲ್ಲಿನ ಗೋಡೆಗೆ ನುಣುಪು ಫೋಮ್ ಹುಡುಕಿಕೊಂಡು ಹೋಗಬೇಡಿ. ಟಿವಿ ಪೆಟ್ಟಿಗೆಯ ಒರಟು ಥರ್ಮಾಕೋಲ್ ಕತ್ತರಿಸಿದರೆ ಹರಳು ಕಿತ್ತು ತೂತು ಬೀಳುತ್ತದಲ್ವಾ? ಬೇರೆ ಕೋಟೆಗೆ ಅದು ದೋಷ. ನಿಮ್ಮ ಕಲ್ಲಿಗೆ ಅದೇ ವರ.

ಮಂಜೇಶ್ವರದ ಮಾಷ್ಟ್ರು

ಒಪ್ಪಿದೆ. ಒಂದೂಕಾಲು ಅಡಿಯ ಕಲ್ಲು 1/72ರಲ್ಲಿ 5 ಮಿಲಿಮೀಟರ್ ಆಗುತ್ತದೆ. ಮೊನೆ ಹೋದ ಪೆನ್ಸಿಲಿನಲ್ಲಿ ಆ ಅಳತೆಗೆ ಗೆರೆ ಒತ್ತಿ. ನೆಲಕ್ಕೆ ಸಿಮೆಂಟಿನ ಜೊತೆ ಹಾಕುವ ರೆಡ್ ಆಕ್ಸೈಡ್ ಹುಡಿ ಸ್ವಲ್ಪ ಎಮಲ್ಷನ್‌ಗೆ ಬೆರೆಸಿ ಹಚ್ಚಿ. ಒಣಗಿದ ಮೇಲೆ ಗೆರೆಗಳಿಗೆ ತೆಳು ಕಪ್ಪು ಇಳಿಸಿ. ನಮ್ಮ ಗೋಡೆ ಮಳೆಗಾಲದಲ್ಲಿ ಕೆಂಪಗಿರುವುದಿಲ್ಲ, ಪಾಚಿ ಹಿಡಿದು ಕಪ್ಪಾಗಿರುತ್ತದೆ.

ಅಡಿಕೆ ಸಿಪಾಯಿ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಹಲಗೆ ಉಳಿಯಲಿಲ್ಲ. ಕಲ್ಲು ತೆಗೆದ ಕೂಡಲೇ ಮತ್ತೆ ಬಾಗಿತು. ಅದನ್ನು ಈಗ ಕೋಳಿಗೂಡಿಗೆ ಕೊಟ್ಟಾಯಿತು. ಬದಲಿಗೆ ದಪ್ಪ ಹಳೆ ಬೆಡ್‌ಶೀಟಿನ ಮೇಲೆ ಅಕ್ರಿಲಿಕ್ ಸೀಲೆಂಟ್ ಬಳಿದು, ಹುರಿದ ಮುರಮಣ್ಣು ಒತ್ತಿದೆ. ಅಂಗಡಿಯಲ್ಲಿ ಸಿಲಿಕೋನ್ ಕೊಡಲು ನೋಡಿದರು. ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲ ಅಂತ ಓದಿದ್ದೆ, ಹಾಗಾಗಿ ಬದಲಾಯಿಸಿ ತಂದೆ. ಈಗ ಇಡೀ ಯುದ್ಧಭೂಮಿಯನ್ನು ಚಾಪೆಯ ಹಾಗೆ ಸುತ್ತಿ ಮೂಲೆಗೆ ಇಡಬಹುದು. ಗೋಪುರ ಗಟ್ಟಿ ನಿಂತಿದೆ. ಸೈನಿಕರಲ್ಲಿ ಇಬ್ಬರ ಬಣ್ಣ ಮಾತ್ರ ಎದ್ದಿದೆ, ಸರಿ ತೊಳೆದಿರಲಿಲ್ಲ.

ಆಡಲು ಕೂತರೆ ಹೊಸ ಸಮಸ್ಯೆ. ಎರಡನೇ ಸುತ್ತಿಗೇ ಆಟ ಮುಗಿಯುತ್ತದೆ. ಯಾರು ಮೊದಲು ಗುಂಡು ಹೊಡೆಯುತ್ತಾರೋ ಅವರೇ ಗೆಲ್ಲುವುದು.

ಮಂಜೇಶ್ವರದ ಮಾಷ್ಟ್ರು

ನಿಮ್ಮ ನಿಯಮದ ಪುಟದಲ್ಲಿ ಬಂದೂಕಿನ ದೂರ 24 ಅಂಗುಲ. ನಿಮ್ಮ ಮೇಜು ಎಷ್ಟು? 24 ಅಂಗುಲ. ಈ ತುದಿಯಲ್ಲಿ ನಿಂತವನಿಗೆ ಆ ತುದಿಯವನ ಮೀಸೆ ಕಾಣುತ್ತದೆ.

ಎಲ್ಲ ಅಳತೆ ಅರ್ಧ ಮಾಡಿ. ಬಂದೂಕಿಗೆ 12 ಅಂಗುಲ, ನಡೆಯಲು 6ರ ಬದಲು 3, ಓಡಲು 12ರ ಬದಲು 6. ಆಗ ನಿಮ್ಮ 2 ಅಡಿ ಮೇಜು 4 ಅಡಿಯದ್ದರ ಹಾಗೆ ಆಗುತ್ತದೆ. ಅಷ್ಟೇ ಸಾಲದು, ನೋಟ ಕಡಿಯಬೇಕು. ಮಧ್ಯದಲ್ಲಿ ಒಂದು ದೊಡ್ಡ ಕೋಟೆ, ಸುತ್ತ ಬೋಳು ಬಯಲು ಇಟ್ಟಿದ್ದೀರಿ ಅಲ್ವಾ? ಹೊಸಬರೆಲ್ಲ ಹೀಗೆ ಮಾಡುತ್ತಾರೆ. ಕೋಟೆಗೆ ಹಾಕಿದ ಕೆಲಸದ ಕಾಲು ಭಾಗ ಸಣ್ಣ ಸಣ್ಣ ವಸ್ತುಗಳಿಗೆ ಹಾಕಿ. ತೆಂಗಿನ ಗೆರಟೆ ಕವುಚಿ ಹಾಕಿ ಮಣ್ಣು ಅಂಟಿಸಿದರೆ ಗುಡ್ಡೆ. ಅಡಿಕೆ ಸಿಪ್ಪೆಯ ನಾರು ಬಿಡಿಸಿ ಹಸಿರು ಮಾಡಿದರೆ ಪೊದೆ. ಅಡಿಕೆ ಮರದ ಹಾಳೆ ಕತ್ತರಿಸಿದರೆ ಗುಡಿಸಲಿನ ಮಾಡು. ಎಲ್ಲಿ ನಿಂತರೂ ಮೇಜಿನ ಅರ್ಧ ಕಾಣಬಾರದು.

ಕೋಟೆಯನ್ನೂ ಆಟಕ್ಕೆ ತನ್ನಿ. ಬೇಕಲದ ಗೋಡೆಯ ಕಿಂಡಿಗಳನ್ನು ನೆನಪು ಮಾಡಿಕೊಳ್ಳಿ. ಮೇಲಿನವು ದೂರದ ಶತ್ರುವಿಗೆ, ಕೆಳಗಿನವು ಹತ್ತಿರ ಬಂದವನಿಗೆ. ಶಿವಪ್ಪ ನಾಯಕನ ಕಾಲದ ಲೆಕ್ಕಾಚಾರ ಅದು, 17ನೇ ಶತಮಾನದ್ದು. ಮನೆಯ ನಿಯಮ ಅಂತ ಇಟ್ಟುಕೊಳ್ಳಿ: ಮೇಲಿನ ಕಿಂಡಿಯವನು 6 ಅಂಗುಲದ ಒಳಗೆ ಹೊಡೆಯುವಂತಿಲ್ಲ, ಕೆಳಗಿನವನು 6ರ ಆಚೆ ಹೊಡೆಯುವಂತಿಲ್ಲ. ಆಗ ತಮ್ಮ ಯಾರನ್ನು ಎಲ್ಲಿ ನಿಲ್ಲಿಸಲಿ ಅಂತ ತಲೆ ಕೆರೆದುಕೊಳ್ಳುತ್ತಾನೆ.

ಅಡಿಕೆ ಸಿಪಾಯಿ

ನಿನ್ನೆ ಆಡಿದೆವು ಮಾಷ್ಟ್ರೇ. ಆಟದ ನಾಲ್ಕೂ ಸುತ್ತು ನಡೆಯಿತು. ತಮ್ಮ ಗೆರಟೆಯ ಹಿಂದೆ ಅಡಗಿ ಅಡಗಿ ಗೋಡೆಯ ಬುಡಕ್ಕೆ ಬಂದ. ನನ್ನವರೆಲ್ಲ ಮೇಲಿನ ಕಿಂಡಿಯಲ್ಲಿ. ಸೋತೆ.

ಇನ್ನೊಂದೇ ಪ್ರಶ್ನೆ. ಹಾಳೆಯ ಮಾಡಿಗೆ ಬೂಸರು ಬಂದಿದೆ. ಏನು ಮಾಡಲಿ?

ಉಪ್ಪಳದ ರಟ್ಟು

ಹಾಳೆ ಪೂರ್ತಿ ಒಣಗುವ ಮೊದಲೇ ಅಂಟಿಸಿದ್ದೀರಿ. ಕಿತ್ತು, ಒರಸಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಇಡಿ. ಹೊಗೆ ತಾಗಲಿ. ಆಮೇಲೆ ಎರಡೂ ಬದಿಗೆ ವಾರ್ನಿಷ್. ಹಾಳೆ ಮಾತ್ರ ಇಡಿ, ಥರ್ಮಾಕೋಲ್ ಇಡಬೇಡಿ, ಬಿಸಿಗೆ ಕುಗ್ಗುತ್ತದೆ.

ಅಡಿಕೆ ಸಿಪಾಯಿ

ಅಯ್ಯೋ. ಗೋಪುರವೂ ಪಸೆ ಹಿಡಿಯುವುದು ಬೇಡ ಅಂತ ಅಮ್ಮ ಬೆಳಿಗ್ಗೆಯೇ ಅದನ್ನು ಅಲ್ಲಿಟ್ಟಿದ್ದಾರೆ. ಓಡಿದೆ.