‘ರೀಫ್’ ದಿಬ್ಬವೋ, ಹುತ್ತವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಮಕ್ಕಳ ವಿಜ್ಞಾನ ಪುಸ್ತಿಕೆಯೊಂದಕ್ಕೆ ಹವಳದ ಬಗ್ಗೆ ನಾಲ್ಕು ಪುಟ ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ. ಬರವಣಿಗೆ ಸಲೀಸಾಗಿಯೇ ಸಾಗಿತ್ತು. ‘ರೀಫ್ ರೆಸಿಲಿಯೆನ್ಸ್ ನೆಟ್‌ವರ್ಕ್’ ಎಂಬ ಹೆಸರು (ರೀಫ್ ಎಂದರೆ ಕಡಲಲ್ಲಿ ಹವಳದ ಜೀವಿಗಳು ಎಬ್ಬಿಸಿದ ಕಟ್ಟಡ) ಬಂದಾಗ ನಿಂತುಹೋಯಿತು. ದಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆಯ ಮುಂದಾಳತ್ವದ ಕೂಟವಿದು. ಹವಳ ಕಾಯುವ ಕೆಲಸದಲ್ಲಿರುವ ಬೇರೆ ಬೇರೆ ದೇಶಗಳವರಿಗೆ ತರಬೇತಿ ಕೊಡುತ್ತದೆ, ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಮುಟ್ಟಿಸುತ್ತದೆ. ಹೆಸರನ್ನು ಹಾಗೆಯೇ ಇಟ್ಟು ಅರ್ಥವನ್ನು ಒಂದು ಸಾಲಿನಲ್ಲಿ ಹೇಳೋಣವೆಂದರೆ ಮೂರು ಪದಗಳೂ ಕೈಕೊಟ್ಟವು.

ಕೊನೆಯ ಪದ ಸುಲಭದ್ದು, ಅದನ್ನು ಮೊದಲು ಮುಗಿಸುತ್ತೇನೆ. ನೆಟ್‌ವರ್ಕ್‌ಗೆ ‘ಜಾಲ’ ಎನ್ನುವುದು ರೂಢಿ. ಆದರೆ ಪತ್ರಿಕೆ ಓದುವವರಿಗೆ ಜಾಲವೆಂದರೆ ಪೊಲೀಸರು ಭೇದಿಸುವಂಥದ್ದು. ಅದೂ ಅಲ್ಲದೆ ಜಾಲವೆಂದರೆ ಬಲೆಯೇ ತಾನೆ? ಕಡಲಲ್ಲಿ ಬಿಟ್ಟುಹೋದ ಬಲೆಗಳು ಸುತ್ತಿಕೊಂಡು ಹವಳವನ್ನು ಮುರಿದುಹಾಕುತ್ತವೆ. ಹವಳ ಉಳಿಸುವವರಿಗೆ ಆ ಹೆಸರಿಡಲು ಮನಸ್ಸು ಬರಲಿಲ್ಲ, ‘ಬಳಗ’ ಎಂದೆ. ಇಂಥ ಕೂಟಗಳನ್ನು ‘ನಾನ್‌ಪ್ರಾಫಿಟ್’ ಎನ್ನುತ್ತಾರೆ, ಅದಕ್ಕೆ ರೂಢಿಯ ‘ಲಾಭರಹಿತ’ ಎಂಬುದೂ ವ್ಯಾಪಾರ ಕೆಟ್ಟ ಅಂಗಡಿಯಂತೆ ಕೇಳಿಸಿತು. ‘ಲಾಭದ ಆಸೆಯಿಲ್ಲದ ಬಳಗ’ ಎಂದು ಬರೆದಿದ್ದೇನೆ.

ನಿಜವಾದ ಕಷ್ಟ ರೀಫ್‌ನದು. ನಮ್ಮಲ್ಲಿ ‘ಹವಳದ ದಿಬ್ಬ’, ‘ಹವಳದ ದಿಣ್ಣೆ’, ‘ಹವಳದ ಬಂಡೆ’ ಮೂರೂ ಓಡಾಡುತ್ತಿವೆ. ಬಂಡೆ ಎಂದೊಡನೆ ಜೀವ ಹೋಗಿಬಿಡುತ್ತದೆ. ದಿಬ್ಬ, ದಿಣ್ಣೆಗಳು ತಾವಾಗಿ ಎದ್ದ ನೆಲ. ಅವನ್ನು ಯಾರೂ ಕಟ್ಟಿದ್ದಲ್ಲ. ರೀಫ್ ಹಾಗಲ್ಲ, ಅದು ಕಟ್ಟಡ. ಸಾಸಿವೆಯಷ್ಟೋ ಕಡಲೆಯಷ್ಟೋ ಇರುವ ಕೋಟ್ಯಂತರ ಜೀವಿಗಳು ಮೈಯಿಂದ ಸುಣ್ಣವನ್ನು ಒಸರಿಸಿ ಸಾವಿರಾರು ವರ್ಷಗಳಲ್ಲಿ ಎಬ್ಬಿಸಿದ್ದು. ನಮ್ಮ ನುಡಿಯಲ್ಲಿ ಅಂಥದ್ದಕ್ಕೆ ಒಂದು ಹೆಸರು ಆಗಲೇ ಇದೆಯಲ್ಲ: ಹುತ್ತ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಳ್ಳುವ ಗಾದೆಯೂ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಕಡಲತಳದ ನೂರರಲ್ಲಿ ಒಂದು ಪಾಲನ್ನೂ ಆವರಿಸದ ಈ ಕಟ್ಟಡಗಳಲ್ಲಿ ಕಡಲಜೀವಿಗಳ ಸುಮಾರು ಕಾಲು ಭಾಗದಷ್ಟು ಜಾತಿಗಳು ಆಸರೆ ಪಡೆದಿವೆ. ಗೆದ್ದಲು ಮಣ್ಣು ಹೊತ್ತು ತರುತ್ತದೆ, ಹವಳ ತನ್ನ ಮೈಯನ್ನೇ ಕೊಡುತ್ತದೆ ಎಂಬ ವ್ಯತ್ಯಾಸ ಗೊತ್ತು. ಆದರೂ ‘ಹವಳದ ಹುತ್ತ’ ಎಂದರೆ ಮಕ್ಕಳಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹುತ್ತ ಎಂದರೆ ನಾಗರಪಂಚಮಿಯೇ ನೆನಪಾಗುತ್ತದೆ, ಬೇಡ ಎನ್ನುತ್ತಾರೆ ಮನೆಯವರು. ನೀವೇನೆನ್ನುತ್ತೀರಿ?

‘ಹವಳ’ ಎಂಬ ಪದಕ್ಕೂ ಒಂದು ತೊಡಕಿದೆ. ನಮಗೆ ಹವಳವೆಂದರೆ ಸರದ ಕೆಂಪು ಮಣಿ. ಹಿಂದಿನಿಂದ ಹೆಸರಾದ ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು, ರೀಫ್ ಕಟ್ಟುವ ಜಾತಿಯೇ ಅಲ್ಲ. ಇದನ್ನು ಒಂದು ಅಡಿಟಿಪ್ಪಣಿಯಲ್ಲಿ ಮುಗಿಸುತ್ತೇನೆ.

ಇನ್ನು ರೆಸಿಲಿಯೆನ್ಸ್. ‘ಸ್ಥಿತಿಸ್ಥಾಪಕತ್ವ’ ಎಂದರೆ ಭೌತಶಾಸ್ತ್ರದ ಸ್ಪ್ರಿಂಗು. ‘ತಾಳಿಕೆ’ ಎಂದರೆ ಅರ್ಧ ಮಾತು, ‘ಚೇತರಿಕೆ’ ಎಂದರೆ ಉಳಿದರ್ಧ. ಪೆಟ್ಟನ್ನು ತಡೆದುಕೊಳ್ಳುವುದು, ಬಿದ್ದರೂ ಮತ್ತೆ ಏಳುವುದು, ಎರಡೂ ಒಂದೇ ಪದದಲ್ಲಿ ಬರಬೇಕು. ಆ ಪೆಟ್ಟು ಯಾವುದೆಂದರೆ ಬ್ಲೀಚಿಂಗ್. ನೀರು ಕಾದಾಗ ಹವಳವು ತನ್ನೊಳಗಿದ್ದು ಊಟವನ್ನೂ ಬಣ್ಣವನ್ನೂ ಕೊಡುತ್ತಿದ್ದ ಸೂಕ್ಷ್ಮ ಪಾಚಿಯನ್ನು ಹೊರಹಾಕುತ್ತದೆ. ಒಳಗಿನ ಸುಣ್ಣದ ಎಲುಬು ಬೆಳ್ಳಗೆ ಕಾಣುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೆಯ ಸಾರ್ವತ್ರಿಕ ಬ್ಲೀಚಿಂಗ್ ಘೋಷಣೆಯಾಯಿತು. ಇದಕ್ಕೆ ‘ಬಿಳುಪುಗೊಳಿಸುವಿಕೆ’ ಎಂದು ಬರೆದದ್ದನ್ನು ಕಂಡಿದ್ದೇನೆ, ಅದು ಅಗಸರ ಕೆಲಸ. ‘ಬಿಳಿಚಿಕೊಳ್ಳುವುದು’ ಎಷ್ಟು ಸೊಗಸಾಗಿದೆ ನೋಡಿ! ಜ್ವರದಲ್ಲಿ ಮುಖ ಬಿಳಿಚಿಕೊಂಡವನು ಸತ್ತಿರುವುದಿಲ್ಲ. ಬಿಳಿಚಿದ ಹವಳವೂ ಕೂಡಲೇ ಸಾಯುವುದಿಲ್ಲ, ನೀರು ಬೇಗ ತಣಿದರೆ ಉಳಿದುಕೊಳ್ಳುತ್ತದೆ. ಈ ಒಂದು ಪದದಲ್ಲಿ ನನಗೆ ಸಂಶಯವಿಲ್ಲ.

ಕೊನೆಯದಾಗಿ ಮರುಬೆಳೆಸುವ ಕೆಲಸದ ಪದಗಳು. ಫ್ಲಾರಿಡಾದಲ್ಲಿ 2007ರಲ್ಲಿ ಆರಂಭವಾದ ಕೋರಲ್ ರೆಸ್ಟೊರೇಶನ್ ಫೌಂಡೇಶನ್‌ನವರು ನೀರೊಳಗೆ ಕೊಳವೆಗಳ ‘ಮರ’ ನಿಲ್ಲಿಸಿ, ಕೊಂಬೆಗೆ ಹವಳದ ತುಂಡುಗಳನ್ನು ತೂಗುಹಾಕಿ ಬೆಳೆಸುತ್ತಾರೆ. ಬಲಿತ ಮೇಲೆ ಒಯ್ದು ರೀಫ್‌ಗೆ ಅಂಟಿಸುತ್ತಾರೆ. ನರ್ಸರಿಗೆ ‘ಸಸಿಮಡಿ’, ಔಟ್‌ಪ್ಲಾಂಟಿಂಗ್‌ಗೆ ‘ನಾಟಿ’ ಎಂದು ಬರೆದೆ. ಭತ್ತದ ನಾಡಿನವರಿಗೆ ಬೇರೆ ವಿವರಣೆ ಬೇಕೇ? ಕರಡು ಓದಿದ ಜೀವಶಾಸ್ತ್ರದ ಮೇಷ್ಟರು ಮಾತ್ರ ತಕರಾರು ತೆಗೆದರು: ಹವಳ ಪ್ರಾಣಿ, ಪ್ರಾಣಿಯನ್ನು ನಾಟಿ ಮಾಡುವುದುಂಟೇ? ನನ್ನ ಉತ್ತರವಿಷ್ಟೇ. ಕೆರೆಗೆ ಮೀನುಮರಿ ‘ಬಿತ್ತನೆ’ ಮಾಡುತ್ತೇವೆ, ರೇಷ್ಮೆಯವರಿಗೆ ‘ಬಿತ್ತನೆ ಗೂಡು’ ಇದೆ. ಮೀನೂ ಹುಳುವೂ ಗಿಡಗಳಲ್ಲ. ಸಂಸ್ಕೃತದಲ್ಲಿ ಹವಳಕ್ಕಿರುವ ‘ಪ್ರವಾಳ’ಕ್ಕೆ ಎಳೆಚಿಗುರು ಎಂಬ ಅರ್ಥವೂ ಇದೆ, ‘ವಿದ್ರುಮ’ದೊಳಗೆ ಮರವೇ ಕೂತಿದೆ. ಹಾಗಿದ್ದರೆ ರೆಸಿಲಿಯೆನ್ಸ್‌ಗೆ ‘ಮರುಚಿಗುರು’ ಎನ್ನಬಹುದೇ ಎಂಬುದು ನನ್ನ ಎರಡನೆಯ ಪ್ರಶ್ನೆ. ‘ನಾಟಿ ಹವಳ’ ಎಂದು ಮಾತ್ರ ಎಲ್ಲಿಯೂ ಬರೆಯುವುದಿಲ್ಲ, ನಾಟಿ ಕೋಳಿಯ ಪಕ್ಕ ಹೋಗಿ ಕೂರುತ್ತದೆ.

ಮೂರನೆಯ ಪ್ರಶ್ನೆ ಕರಾವಳಿಯವರಿಗೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನಿಂದ ಅಲ್ಲಿಗೆ ಸರಕಿನ ಹಡಗುಗಳು ಹೋಗಿಬರುತ್ತಿದ್ದವು. ಅಲೆ ಒಡೆಯುವ ಆ ಹವಳದ ಅಂಚಿಗೆ, ಅದರ ಒಳಗಿನ ತಿಳಿನೀರಿಗೆ ಹಡಗಿನವರು ಏನೆನ್ನುತ್ತಿದ್ದರು? ಮುರ್ಡೇಶ್ವರದ ಕಡೆಯ ಮೀನುಗಾರರು ನೇತ್ರಾಣಿ ದ್ವೀಪದ ಸುತ್ತಲಿನ ಹವಳಕ್ಕೆ ಯಾವ ಪದ ಬಳಸುತ್ತಾರೆ? ಮನೆಯ ಹಿರಿಯರನ್ನು ಕೇಳಿ ಬರೆದರೆ ಹುತ್ತವನ್ನೂ ದಿಬ್ಬವನ್ನೂ ಬಿಟ್ಟು ಆ ಪದವನ್ನೇ ಹಾಕುತ್ತೇನೆ. ಕರಡು ಕೊಡಲು ಇನ್ನೂ ಹತ್ತು ದಿನವಿದೆ.