ಅಣ್ಣನ ಎಪ್ಪತ್ತಕ್ಕೆ ಅಪು ಪೆಟ್ಟಿಗೆ: ತಗೋಬೇಕಾ, ಬೇಡವಾ?

ಶ್ರುತಿ, ನಿನ್ನ ಮೆಸೇಜ್ ನೋಡಿದೆ. ನಿನ್ನ ಅಪ್ಪನ, ಅಂದರೆ ನನ್ನ ಅಣ್ಣನ, ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಸತ್ಯಜಿತ್ ರಾಯ್ ಅವರ ಬಂಗಾಳಿ ಅಪು ಸಿನಿಮಾ ಮೂರೂ ಇರುವ, ಹಳೇ ಒಳ್ಳೆಯ ಸಿನಿಮಾಗಳನ್ನು ಡಿಸ್ಕಿನಲ್ಲಿ ತರುವ ಅಮೆರಿಕದ ಕ್ರೈಟೀರಿಯನ್ ಕಂಪನಿಯ ಪೆಟ್ಟಿಗೆ ಕೊಡೋಣವಾ, ಅಷ್ಟು ದುಡ್ಡು ಹಾಕಬಹುದಾ ಅಂತ ಕೇಳಿದ್ದೀಯ. ಎರಡು ಫೋಟೊ ಹಾಕಿದ್ದೀಯ. ಒಂದು ಬರೀ ಬ್ಲೂ-ರೇ, ಅಂದರೆ ಡಿವಿಡಿಗಿಂತ ಸ್ಪಷ್ಟವಾದ ಡಿಸ್ಕ್, ಇನ್ನೊಂದು ಅದಕ್ಕಿಂತಲೂ ಸ್ಪಷ್ಟವಾದ 4ಕೆ ಮತ್ತು ಬ್ಲೂ-ರೇ ಎರಡೂ ಇರೋದು. ಕೆಳಗೆ ನಮ್ಮ ವಿನಯ್ "ಯೂಟ್ಯೂಬಲ್ಲಿ ಪುಕ್ಕಟೆ ಸಿಗುತ್ತಲ್ಲ ಅಕ್ಕಾ, ಯಾಕೆ ದಂಡ" ಅಂತ ಬರೆದಿದ್ದಾನೆ. ಟೈಪ್ ಮಾಡುತ್ತಾ ಕೂತರೆ ನನಗೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿಯೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಹಿಂದೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ. ಈ ಗ್ರೂಪಿನಲ್ಲಿ ಅಣ್ಣ ಇಲ್ಲ ಅಲ್ವಾ? ಒಂದು ಸಲ ನೋಡಿಬಿಡು.

ಮೊದಲು ವಿನಯ್‌ಗೆ. ಅಪ್ಪಾ, ಯೂಟ್ಯೂಬಲ್ಲಿ ಇರೋದು ಸಿನಿಮಾದ ಕಥೆ. ಸಿನಿಮಾ ಅಲ್ಲ. ಹಳೇ ಪ್ರಿಂಟಿನಿಂದ ಯಾರೋ ಇಳಿಸಿದ್ದು, ಅದನ್ನು ಮತ್ತೊಬ್ಬ ಕುಗ್ಗಿಸಿದ್ದು, ಮೂಲೆಯಲ್ಲಿ ಯಾವುದೋ ಚಾನೆಲ್ಲಿನ ಮುದ್ರೆ. ಅದರ ಇಂಗ್ಲಿಷ್ ಸಬ್‌ಟೈಟಲ್ ಪ್ರಿಂಟಿನ ಮೇಲೇ ಅಚ್ಚಾಗಿರುತ್ತದೆ, ಬಿಳಿ ಅಕ್ಷರ. ಮೂರರಲ್ಲಿ ಮೊದಲನೆಯದಾದ ಪಥೇರ್ ಪಾಂಚಾಲಿಯಲ್ಲಿ ಆ ಮುದುಕಿ ಇಂದಿರ್ ಠಾಕ್ರುಣ್ ಬಿಳಿ ಸೀರೆ ಉಟ್ಟು ಮುಂದೆ ಕೂತರೆ ಅರ್ಧ ಮಾತು ಸೀರೆಯಲ್ಲೇ ಮುಳುಗಿಹೋಗುತ್ತದೆ. ಅಣ್ಣನಿಗೆ ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ್ದಾರೆ. ಬಂಗಾಳಿ ಬರುವುದಿಲ್ಲ. ಅಕ್ಷರ ಕಾಣದಿದ್ದರೆ ಅವನು ಹತ್ತು ನಿಮಿಷಕ್ಕೆ ಎದ್ದು ಬಾಲ್ಕನಿಗೆ ಹೋಗುತ್ತಾನೆ. ಡಿಸ್ಕಿನಲ್ಲಿ ಅಕ್ಷರ ಚಿತ್ರಕ್ಕೆ ಅಂಟಿಕೊಂಡಿರುವುದಿಲ್ಲ, ಪ್ಲೇಯರ್ ಬೇರೆಯಾಗಿ ಮೇಲೆ ತೋರಿಸುತ್ತದೆ, ಚೆನ್ನಾಗಿ ಕಾಣುತ್ತದೆ. ಆದರೆ ಅದೂ ಇಂಗ್ಲಿಷೇ. ಕನ್ನಡ ಇಲ್ಲ, ಹಿಂದಿಯೂ ಇಲ್ಲ. ಅತ್ತಿಗೆ ಜೊತೆಗೆ ಕೂತರೆ ನೀನು ಪಕ್ಕದಲ್ಲಿ ಕೂತು ಓದಿ ಹೇಳಬೇಕಾಗುತ್ತದೆ, ಅದಕ್ಕೆ ತಯಾರಿರು.

ಈಗ ದುಡ್ಡು ಯಾವುದಕ್ಕೆ ಅನ್ನೋದು. ಚಂದದ ಪೆಟ್ಟಿಗೆಗೆ ಅಂತ ತಿಳಿದುಕೊಂಡರೆ ದಂಡವೇ. ಪೆಟ್ಟಿಗೆ ಬರೀ ರಟ್ಟು. ಈ ಮೂರು ಸಿನಿಮಾದ ಮೂಲ ನೆಗೆಟಿವ್‌ಗೆ, ಅಂದರೆ ಕ್ಯಾಮೆರಾದಲ್ಲಿ ಓಡಿದ ಅಸಲಿ ಫಿಲ್ಮಿಗೆ, ಏನಾಯಿತು ಗೊತ್ತಾ? 1992ರಲ್ಲಿ ರಾಯ್ ಅವರಿಗೆ ಗೌರವ ಆಸ್ಕರ್ ಕೊಟ್ಟರು. ಅವರು ಆಸ್ಪತ್ರೆಯ ಹಾಸಿಗೆಯಲ್ಲೇ ಅದನ್ನು ತೆಗೆದುಕೊಂಡರು, ಸ್ವಲ್ಪ ದಿನಕ್ಕೇ ಹೋಗಿಬಿಟ್ಟರು. ಆಮೇಲೆ ಅವರ ಸಿನಿಮಾಗಳನ್ನು ಉಳಿಸಬೇಕು ಅಂತ ನೆಗೆಟಿವ್‌ಗಳನ್ನು ಲಂಡನ್ನಿನ ಹೆಂಡರ್ಸನ್ ಲ್ಯಾಬಿಗೆ ಕಳಿಸಿದ್ದರು. 1993ರಲ್ಲಿ ಆ ಲ್ಯಾಬಿಗೆ ಬೆಂಕಿ ಬಿತ್ತು. ಉಳಿಸೋಕೆ ಅಂತ ಕಳಿಸಿದ್ದು ಸುಟ್ಟುಹೋಯಿತು. ನಮ್ಮ ಕಡೆಯವರಾಗಿದ್ದರೆ ಕಸಕ್ಕೆ ಹಾಕುತ್ತಿದ್ದರೇನೋ. ಆ ಸುಟ್ಟ ಚೂರು, ಕರಗಿದ ಡಬ್ಬಿ ಎಲ್ಲವನ್ನೂ ಆಸ್ಕರ್ ಕೊಡುವ ಅಕಾಡೆಮಿಯವರು ತಮ್ಮ ಆರ್ಕೈವ್‌ನಲ್ಲಿ ಎತ್ತಿಟ್ಟುಕೊಂಡರು. ಸುಮಾರು ಇಪ್ಪತ್ತು ವರ್ಷ ಅದು ಹಾಗೇ ಇತ್ತು.

ಆಮೇಲೆ ಕ್ರೈಟೀರಿಯನ್‌ನವರು ಕೇಳಿಕೊಂಡು ಬಂದರು. ಇಟಲಿಯ ಬೊಲೊನ್ಯಾ ಊರಿನಲ್ಲಿ ಲಿಮ್ಮಾಜಿನೆ ರಿತ್ರೊವಾತಾ ಅಂತ ಒಂದು ಲ್ಯಾಬ್ ಇದೆ, ಹಳೇ ಫಿಲ್ಮ್ ರಿಪೇರಿಗೆ ದೊಡ್ಡ ಹೆಸರು. ಅಲ್ಲಿಗೆ ಹೋಯಿತು. ಗರಿಗರಿ ಆಗಿ ಸುರುಟಿಕೊಂಡಿದ್ದ ಫಿಲ್ಮಿಗೆ ಮತ್ತೆ ತೇವ ಹಿಡಿಸಿದರು. ಅಂಟು ಕೆರೆದರು, ಕರಗಿದ ಟೇಪ್ ಬಿಡಿಸಿದರು. ಅಂಚಿನಲ್ಲಿ ಸಾಲಾಗಿ ತೂತು ಇರುತ್ತದಲ್ಲ, ಯಂತ್ರದ ಹಲ್ಲು ಹಿಡಿಯೋದು, ಅದು ಹರಿದ ಕಡೆಯೆಲ್ಲ ಕೈಯಲ್ಲೇ ಹೊಸದಾಗಿ ಕೂಡಿಸಿದರು. ಹೆಚ್ಚುಕಡಿಮೆ ಸಾವಿರ ಗಂಟೆಯ ಕೈಕೆಲಸ ಅಂತ ಲೆಕ್ಕ. ಕೊನೆಗೆ ಪಥೇರ್ ಪಾಂಚಾಲಿಯ ಮೂಲ ನೆಗೆಟಿವ್‌ನಲ್ಲಿ ನೂರಕ್ಕೆ 40 ಭಾಗ, ಎರಡನೆಯದಾದ ಅಪರಾಜಿತೋದಲ್ಲಿ 60ಕ್ಕೂ ಜಾಸ್ತಿ ಕೈಗೆ ಸಿಕ್ಕಿತು. ಮೂರನೆಯದು, ಅಪುರ್ ಸನ್ಸಾರ್, ಅದರ ನೆಗೆಟಿವ್ ಉಪಯೋಗಕ್ಕೇ ಬರಲಿಲ್ಲ. ಸಿಗದ ಭಾಗಕ್ಕೆಲ್ಲ ಬೇರೆ ಬೇರೆ ಕಡೆ ಇದ್ದ ಒಳ್ಳೆಯ ಪ್ರತಿಗಳನ್ನು ಹುಡುಕಿ ಸೇರಿಸಿದರು. 2015ರಲ್ಲಿ ಮತ್ತೆ ಥಿಯೇಟರಿಗೆ ಬಂತು. ಈ ಡಿಸ್ಕಿನಲ್ಲಿ ಇರೋದು ಅದೇ ಕೆಲಸ. ದುಡ್ಡು ಕೊಡೋದಾದರೆ ಇದಕ್ಕೆ ಕೊಡಬೇಕು.

ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದಾ ಅಂತ ಕೇಳುತ್ತೀಯ. ಗೊತ್ತಾಗುತ್ತದೆ. ಕಾಶಿಯ ಮನೆ ಬರುತ್ತದಲ್ಲ ಅಪರಾಜಿತೋದಲ್ಲಿ, ಅದು ಸ್ಟುಡಿಯೋದಲ್ಲಿ ಹಾಕಿದ ಸೆಟ್. ಕ್ಯಾಮೆರಾದ ಸುಬ್ರತ ಮಿತ್ರ ಅವರು ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪದ ಬೆಳಕನ್ನು ಅದಕ್ಕೆ ಹೊಡೆಸಿ, ಅಲ್ಲಿಂದ ಕೆಳಗೆ ಇಳಿಸಿದರು. ಅಂಗಳದಲ್ಲಿ ಆಕಾಶದ ಬೆಳಕು ಬಿದ್ದ ಹಾಗೇ ಇರುತ್ತದೆ, ನೆರಳಿಗೆ ಗೆರೆ ಇಲ್ಲ. ಹಳೇ ಪ್ರತಿಗಳಲ್ಲಿ ಅದು ಬರೀ ಬೂದಿ ಬಣ್ಣ. ಇಲ್ಲಿ ಪುಣೆಯ ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್‌ನಲ್ಲಿ ಒಳ್ಳೆಯ ಪ್ರಿಂಟ್ ನೋಡಿದಾಗಲೇ ನನಗೆ ಆ ಅಂಗಳ ಹೇಗಿದೆ ಅಂತ ತಿಳಿದದ್ದು. ಅಣ್ಣ ಡೊಂಬಿವಲಿಯಿಂದ ಪುಣೆಗೆ ಬಂದು ಅದನ್ನೆಲ್ಲ ನೋಡಿದವನಲ್ಲ. ಅವನಿಗೆ ಭಾನುವಾರ ಮಧ್ಯಾಹ್ನದ ದೂರದರ್ಶನವೇ ಫಿಲ್ಮ್ ಸೊಸೈಟಿ. ಪ್ರಾದೇಶಿಕ ಚಿತ್ರ ಹಾಕುತ್ತಿದ್ದರಲ್ಲ, ಕನ್ನಡದ ಸರದಿ ಯಾವಾಗ ಬರುತ್ತದೋ ಅಂತ ಕಾಯುತ್ತಾ ಬಂಗಾಳಿ, ಮಲಯಾಳಿ, ಒಡಿಯಾ ಎಲ್ಲ ನೋಡಿಬಿಟ್ಟೆವು. ಹಾಗಾಗಿ ಅವನು ಈ ಸಿನಿಮಾ ನೋಡಿದ್ದಾನೆ, ಸಣ್ಣ ಟಿವಿಯಲ್ಲಿ, ಪವರ್ ಹೋಗುತ್ತಾ ಬರುತ್ತಾ. ಉಡುಗೊರೆ ಆರಿಸಿದ್ದು ಸರಿಯಾಗಿದೆ. ಅದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಇದನ್ನು ಗಮನ ಕೊಟ್ಟು ಕೇಳು, ಉಳಿದದ್ದು ಮರೆತರೂ ಪರವಾಗಿಲ್ಲ.

ಬ್ಲೂ-ರೇ ಡಿಸ್ಕಿಗೆ ಪ್ರದೇಶದ ಬೀಗ ಇರುತ್ತದೆ. ಅಮೆರಿಕ ಎ, ಯುರೋಪ್ ಬಿ, ನಮ್ಮ ಭಾರತ ಸಿ. ಅಮೆರಿಕದ ಕ್ರೈಟೀರಿಯನ್ ಬ್ಲೂ-ರೇಗಳು ಸಾಮಾನ್ಯವಾಗಿ ಎ ಬೀಗದವು. ಇಲ್ಲಿ ಕೊಂಡ ಪ್ಲೇಯರಿಗೆ ಹಾಕಿದರೆ "ಈ ಡಿಸ್ಕ್ ನಡೆಯಲ್ಲ" ಅಂತ ಒಂದು ಸಾಲು ಬರುತ್ತದೆ, ಅಷ್ಟೇ. ಕೋಥ್ರೂಡಿನ ನನ್ನ ಗೆಳೆಯರೊಬ್ಬರ ಮನೆಯಲ್ಲಿ ಹೀಗೆ ತರಿಸಿದ ಡಿಸ್ಕ್ ಶೋಕೇಸ್‌ನಲ್ಲಿ ಗಣಪತಿ ಪಕ್ಕ ಕೂತಿದೆ. ಇಂಗ್ಲೆಂಡಿನಿಂದ ತರಿಸಿದರೂ ಅದೇ ಕಥೆ, ಅದು ಬಿ. ಆದ್ದರಿಂದ ನೀನು ಹಾಕಿದ ಮೊದಲನೇ ಫೋಟೊ, ಬರೀ ಬ್ಲೂ-ರೇ ಇರೋದು, ಬೇಡವೇ ಬೇಡ. ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ.

4ಕೆ ಡಿಸ್ಕಿಗೆ ಈ ಬೀಗ ಇಲ್ಲ. ಎಲ್ಲಿಯ 4ಕೆ ಡಿಸ್ಕ್ ಆದರೂ ಎಲ್ಲಿಯ 4ಕೆ ಪ್ಲೇಯರಿನಲ್ಲಾದರೂ ಓಡುತ್ತದೆ. ಆದರೆ ಆ ಪೆಟ್ಟಿಗೆಯಲ್ಲಿ 4ಕೆ ಡಿಸ್ಕಿನಲ್ಲಿ ಸಿನಿಮಾ ಮಾತ್ರ. ಹೆಚ್ಚುವರಿ ಸಾಮಾನು, ಅಂದರೆ ಇದರಲ್ಲಿ ನಟಿಸಿದ ಸೌಮಿತ್ರ ಚಟರ್ಜಿ, ಶರ್ಮಿಳಾ ಟಾಗೋರ್ ಅವರ ಮಾತು, ಸುಟ್ಟ ಫಿಲ್ಮ್ ರಿಪೇರಿ ಮಾಡಿದ ಬಗೆ, ಇದೆಲ್ಲ ಜೊತೆಗಿರುವ ಬ್ಲೂ-ರೇಗಳಲ್ಲಿ. ಅವು ಮತ್ತೆ ಎ ಬೀಗ. ಸಿನಿಮಾ ಓಡುತ್ತದೆ, ಹೆಚ್ಚುವರಿ ಓಡುವುದಿಲ್ಲ. ಸ್ಪೆಷಲ್ ಎಡಿಷನ್ ಅಂತ ಕೊಟ್ಟ ದುಡ್ಡಿನಲ್ಲಿ ಸ್ಪೆಷಲ್ ಭಾಗ ಕೈಗೆ ಸಿಗುವುದಿಲ್ಲ ಅಂತ ಬೇಜಾರಾಗುತ್ತದೆ. ನನ್ನನ್ನು ಕೇಳಿದರೆ ಅಣ್ಣನಿಗೆ ಸಿನಿಮಾ ಸಾಕು. ಸಂದರ್ಶನ ನೋಡುವ ತಾಳ್ಮೆ ಅವನಿಗಿಲ್ಲ, ಅದು ನನ್ನ ಹುಚ್ಚು.

ಪ್ಲೇಯರ್ ವಿಷಯ. ವಿನಯ್ ಮನೆಯಲ್ಲಿರುವ ಗೇಮ್ ಆಡುವ ಪಿಎಸ್4 ಆಗುವುದಿಲ್ಲ, ಅದು 4ಕೆ ಡಿಸ್ಕ್ ಓದುವುದೇ ಇಲ್ಲ. ಡಿಸ್ಕ್ ಹಾಕುವ ಜಾಗ ಇರುವ ಪಿಎಸ್5 ಆದರೆ ಓದುತ್ತದೆ. ಆದರೆ ಎಪ್ಪತ್ತು ವರ್ಷದವನ ಕೈಗೆ ಗೇಮಿನ ರಿಮೋಟ್ ಕೊಡಬೇಡಿ, ಪುಣ್ಯ ಬರುತ್ತದೆ. ಬೇರೆ 4ಕೆ ಪ್ಲೇಯರ್ ಕೊಳ್ಳೋದು ಅಂದರೆ ಪೆಟ್ಟಿಗೆಗಿಂತ ಜಾಸ್ತಿ ಖರ್ಚು. ಅದನ್ನು ನೀನೊಬ್ಬಳೇ ಹೊರಬೇಡ. ನಾನು, ಮೈಸೂರಿನ ಅತ್ತೆ, ನಿಮ್ಮ ದೊಡ್ಡಪ್ಪ ಮೂವರೂ ಹಂಚಿಕೊಳ್ಳುತ್ತೇವೆ. ಭೀಮರಥ ಶಾಂತಿ ಮಾಡಿಸೋಣ ಅಂದರೆ ಅಣ್ಣ ಹೇಗೂ ಒಪ್ಪುತ್ತಿಲ್ಲ. ಆ ದುಡ್ಡು ಇಲ್ಲಿಗೆ ಬರಲಿ. ಅತ್ತೆ, ನೀವು ಕೇಳುತ್ತಿದ್ದೀರಲ್ಲ, ಆಕ್ಷೇಪ ಇದ್ದರೆ ಈಗಲೇ ಹೇಳಿ.

ತರಿಸೋದು ಹೇಗೆ? ಕೊರಿಯರ್ ಬೇಡ. ಡಿಸ್ಕಿನ ಬೆಲೆ, ಕಳಿಸುವ ಖರ್ಚು, ಮೇಲೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ. ಅಷ್ಟು ಕೊಟ್ಟ ಮೇಲೆ ಡಿಸ್ಕ್ ಕಿತ್ತು ಒಳಗೆ ಗಲಗಲ ಅಂದರೆ ವಾಪಸ್ ಕಳಿಸೋದು ಯಾರು? ನಿನ್ನ ಮೈದುನ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯಿಂದ ಬರುತ್ತಾನೆ ಅಂದಿದ್ದೆ. ಅವನ ಕೈಯಲ್ಲಿ ತರಿಸು. ಅಲ್ಲಿ ಬಾರ್ನ್ಸ್ ಆ್ಯಂಡ್ ನೋಬಲ್ ಅಂತ ಪುಸ್ತಕದ ಅಂಗಡಿ ಇದೆಯಲ್ಲ, ಅಲ್ಲಿ ಸಾಮಾನ್ಯವಾಗಿ ಜುಲೈ ಮತ್ತು ನವೆಂಬರ್ ತಿಂಗಳಲ್ಲಿ ಕ್ರೈಟೀರಿಯನ್ ಡಿಸ್ಕುಗಳು ಅರ್ಧ ಬೆಲೆಗೆ ಬರುತ್ತವೆ. ಈಗ ಪೂರ್ತಿ ಬೆಲೆ ಕೊಟ್ಟು ತಗೊಂಡುಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತದೆ. ಹುಟ್ಟುಹಬ್ಬ ಜನವರಿಯಲ್ಲಿ, ಅವಸರ ಏನಿದೆ? ಅವನಿಗೆ ಇನ್ನೊಂದು ಮಾತು ಹೇಳು. ಗಿಫ್ಟ್ ಅಂತ ಪ್ಲಾಸ್ಟಿಕ್ ಸುತ್ತಿದ್ದು ಹಾಗೇ ತರುವುದು ಬೇಡ. ಅಲ್ಲೇ ಬಿಚ್ಚಿ, ಡಿಸ್ಕ್ ಎಲ್ಲ ಇದೆಯಾ, ಗೀರು ಬಿದ್ದಿದೆಯಾ ನೋಡಲಿ. ಅಲ್ಲಿದ್ದಾಗಲೇ ಬದಲಾಯಿಸಿಕೊಳ್ಳಬಹುದು.

ಟಿವಿಗೂ ಎರಡು ಮಾತು. ಈ ಸಿನಿಮಾಗಳು ಹೆಚ್ಚುಕಡಿಮೆ ಚೌಕ, ಟಿವಿಯಲ್ಲಿ ಎಡ ಬಲ ಕಪ್ಪು ಪಟ್ಟಿ ಬರುತ್ತದೆ. "ಪೂರ್ತಿ ಬರ್ತಿಲ್ಲ" ಅಂತ ಅತ್ತಿಗೆ ರಿಮೋಟ್ ಒತ್ತಿ ಹಿಗ್ಗಿಸಿದರೆ ಹಸಿದ ಮಕ್ಕಳೆಲ್ಲ ದುಂಡಗೆ ಆಗಿಬಿಡುತ್ತಾರೆ. ಹಾಗೇ ಬಿಡಬೇಕು. ಸೆಟ್ಟಿಂಗ್‌ನಲ್ಲಿ ಚಲನೆ ನುಣುಪು ಮಾಡುವ ಆಯ್ಕೆ ಒಂದಿರುತ್ತದೆ, ಅದನ್ನು ಆಫ್ ಮಾಡು, ಇಲ್ಲದಿದ್ದರೆ ಸೀರಿಯಲ್ ಥರ ಕಾಣುತ್ತದೆ. ಸೌಂಡ್‌ಬಾರ್ ಬೇಕಾ ಅಂತ ಯಾರೋ ಕೇಳಿದ್ದರು. ಬೇಡ. ಧ್ವನಿ ಮೋನೋ, ಅಂದರೆ ಎಡ ಬಲ ಬೇರೆ ಇಲ್ಲದ ಒಂದೇ ಧ್ವನಿ. ರವಿಶಂಕರ್ ಅವರ ಸಿತಾರ್ ಟಿವಿಯ ಸ್ಪೀಕರಿನಲ್ಲೇ ಚೆನ್ನಾಗಿ ಕೇಳುತ್ತದೆ.

ಮೂರನ್ನೂ ಒಂದೇ ದಿನ ಹಾಕಬೇಡಿ. ಮೂರೂ ಸೇರಿ ಐದೂವರೆ ಗಂಟೆ ದಾಟುತ್ತದೆ, ಸಾವು ಕೂಡ ಜಾಸ್ತಿ ಇದೆ. ಹುಟ್ಟುಹಬ್ಬದ ದಿನ ಮೊದಲನೆಯದೂ ಬೇಡ ಅಂತಲೇ ನನ್ನ ಅನಿಸಿಕೆ. ಮಾರನೇ ದಿನ ಇಟ್ಟುಕೊಳ್ಳಿ. ನಾನೂ ಪುಣೆಯಿಂದ ಬಂದು ಉಳಿದುಕೊಳ್ಳುತ್ತೇನೆ, ಮನೆಯಲ್ಲಿ ಜಾಗ ಇದ್ದರೆ.

ಈಗ ನೀನು ಒಂದು ಕೆಲಸ ಮಾಡು. ಅಣ್ಣ ವಾಕಿಂಗ್ ಹೋದಾಗ ಟಿವಿಯ ಹಿಂಭಾಗದ ಫೋಟೊ ತೆಗೆದು ಇಲ್ಲಿ ಹಾಕು. ಮಾಡೆಲ್ ನಂಬರ್, ಎಚ್‌ಡಿಎಂಐ ಜಾಗ ಎರಡೂ ಕಾಣಬೇಕು. ನೋಡಿ ಯಾವ ಪ್ಲೇಯರ್ ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಏನೂ ಆರ್ಡರ್ ಮಾಡಬೇಡ. ಆಯ್ತಾ? ಇಡುತ್ತೇನೆ, ಕುಕ್ಕರ್ ಆಫ್ ಮಾಡಬೇಕು.